ಅನ್ನನಾಳದ ಶಸ್ತ್ರಚಿಕಿತ್ಸೆಯ ನಂತರ ಬಾಯಿಯ ವ್ಯಾಯಾಮ

ಅನ್ನನಾಳದ ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಮೊದಲಾದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರನ್ನು ಕಾಣಲು ನಮ್ಮ ಮಾಯಸಂದ್ರದ ಸುತ್ತಿನಲ್ಲಿ ಎಳನೀರು ಹಿಡಿದು ಹೋಗುವುದು ರೂಢಿ. ತೆಂಗಿನ ಸೀಮೆಯವರ ಪ್ರೀತಿಯೇ ಹಾಗೆ. ಆದರೆ ರೋಗಿಯು ಒಂದು ಗುಟುಕಿಗೇ ಕೆಮ್ಮತೊಡಗಿದರೆ ‘ನೆತ್ತಿಗೆ ಹತ್ತಿತು’ ಎಂದು ತಲೆ ತಟ್ಟಿ ಸುಮ್ಮನಾಗುವುದು ತರವಲ್ಲ. ನೀರು ಶ್ವಾಸನಾಳಕ್ಕೆ ಇಳಿದಿರಬಹುದು. ಪದೇ ಪದೇ ಹೀಗಾದರೆ ನ್ಯುಮೋನಿಯಾ ಬಂದು ಪ್ರಾಣಕ್ಕೇ ಸಂಚಕಾರವಾದೀತು.

ಸುಮಾರು 25 ಸೆಂ.ಮೀ. ಉದ್ದದ ಅನ್ನನಾಳದ ಬಹುಭಾಗವನ್ನು ತೆಗೆದು, ಜಠರವನ್ನೇ ಕೊಳವೆಯಂತೆ ರೂಪಿಸಿ ಮೇಲಕ್ಕೆಳೆದು ಜೋಡಿಸುವುದು ಈ ಶಸ್ತ್ರಚಿಕಿತ್ಸೆಯ ಸಾಮಾನ್ಯ ಕ್ರಮ. ಬಾಯಿಯನ್ನು ಮುಟ್ಟಿಯೇ ಇಲ್ಲವಲ್ಲ, ಅದಕ್ಕೇಕೆ ವ್ಯಾಯಾಮ ಎಂದು ನಮ್ಮನ್ನು ಕೇಳುವವರುಂಟು. ಜೋಡಣೆ ಮಾಯುವವರೆಗೆ ಆಹಾರವನ್ನು ಹೆಚ್ಚಾಗಿ ನಳಿಕೆಯ ಮೂಲಕ ಕರುಳಿಗೇ ಕೊಡುವುದರಿಂದ ನಾಲಗೆ, ಕೆನ್ನೆ, ಗಂಟಲುಗಳ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ. ಧ್ವನಿಪೆಟ್ಟಿಗೆಯ ನರವೂ ಅನ್ನನಾಳದ ಪಕ್ಕದಲ್ಲೇ ಸಾಗುತ್ತದೆ. ಅದಕ್ಕೆ ಪೆಟ್ಟಾದರೆ ಧ್ವನಿ ಒಡೆಯುವುದಲ್ಲದೆ, ನುಂಗುವಾಗ ಶ್ವಾಸದ್ವಾರ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ.

ಶಸ್ತ್ರಚಿಕಿತ್ಸಕರು ಒಪ್ಪಿಗೆಯಿತ್ತ ಮೇಲೆ, ನೆಟ್ಟಗೆ ಕುಳಿತು ಆರಂಭಿಸಬೇಕು. ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಕೆನ್ನೆಗಳಲ್ಲಿ ಗಾಳಿ ತುಂಬಿ ಐದು ಎಣಿಸುವವರೆಗೆ ಹಿಡಿದು ಬಿಡುವುದು. ನಾಲಗೆಯನ್ನು ಹೊರಚಾಚಿ ಎಡಕ್ಕೂ ಬಲಕ್ಕೂ ಮೇಲಕ್ಕೂ ಹೊರಳಿಸುವುದು. ಅನಂತರ ನಾಲಗೆಯನ್ನು ಅಂಗುಳಿಗೆ ಬಲವಾಗಿ ಒತ್ತಿ ಹಿಡಿಯುವುದು; ತುತ್ತನ್ನು ಹಿಂದಕ್ಕೆ ತಳ್ಳುವ ಬಲ ಇದರಿಂದ ಬರುವುದರಿಂದ ಇದನ್ನಂತೂ ಬಿಡಬಾರದು. ಕೊನೆಗೆ, ಗಟ್ಟಿ ತುತ್ತನ್ನು ನುಂಗುವಂತೆ ಗಂಟಲನ್ನು ಬಿಗಿದು ಬರಿಯ ಎಂಜಲನ್ನು ನುಂಗುವುದು. ಒಂದೊಂದನ್ನೂ 10 ಬಾರಿ, ದಿನಕ್ಕೆ 3 ಹೊತ್ತು ಮಾಡಿದರೆ ಸಾಕು. ದಣಿವಾದರೆ ಕಡಿಮೆ ಮಾಡಲಿ. ಅಂಗಾತ ಮಲಗಿ ತಲೆಯೆತ್ತಿ ಪಾದ ನೋಡುವ ವ್ಯಾಯಾಮವೂ ಒಂದುಂಟು. ಕುತ್ತಿಗೆಯಲ್ಲಿ ಹೊಲಿಗೆ ಬಿದ್ದಿರುವವರು ಅದನ್ನು ತಾವಾಗಿಯೇ ಮಾಡಕೂಡದು. ನುಂಗುವಿಕೆಯ ತೊಂದರೆಗೆ ವಾಕ್ ಚಿಕಿತ್ಸಕರೇ ತಜ್ಞರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಂಥವರಿದ್ದಾರೆ.

ಎಣ್ಣೆಯ ಗಂಡೂಷ ನಮ್ಮ ಶಾಸ್ತ್ರದ್ದೇ ವಿಧಿ. ಹಾಗಿದ್ದರೂ ನುಂಗುವ ಶಕ್ತಿ ಕುಂದಿರುವಾಗ ಅದು ಬೇಡವೆಂದೇ ನಾವು ಹೇಳುತ್ತೇವೆ. ಬಾಯಲ್ಲಿ ಹಿಡಿದ ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ಅಪಾಯ. ಮೃದುವಾದ ಬ್ರಷ್‌ನಿಂದ ಹಲ್ಲು, ನಾಲಗೆಗಳನ್ನು ಶುದ್ಧವಾಗಿಟ್ಟುಕೊಳ್ಳುವುದೇ ಮೇಲು. ಬಾಯಿಯ ಕೊಳೆಯೇ ಎಂಜಲಿನೊಡನೆ ಶ್ವಾಸಕೋಶ ಸೇರಿ ಸೋಂಕು ಹಬ್ಬಿಸುತ್ತದೆ. ಅಡಿಕೆ, ಹೊಗೆಸೊಪ್ಪುಗಳ ಮಾತನ್ನಂತೂ ಎತ್ತಲೇಬಾರದು.

ನಮ್ಮವರು ಮುದ್ದೆಯನ್ನು ಅಗಿಯದೆ ನುಂಗುತ್ತಾರೆ. ಬಾಲ್ಯದಿಂದ ಬಂದ ಈ ಅಭ್ಯಾಸ ಇನ್ನು ಸಲ್ಲದು. ಆಹಾರ ತಿನ್ನಲು ಅನುಮತಿ ದೊರೆತ ಮೇಲೆ ಮೊದಲಿಗೆ ತುಸು ಮಂದವಾದ ರಾಗಿ ಗಂಜಿ, ಬಳಿಕ ಮೆತ್ತಗೆ ಬೆಂದ ಅನ್ನ. ಚಿಕ್ಕ ಚಮಚದಷ್ಟು ತುತ್ತು, ಚೆನ್ನಾಗಿ ಅಗಿದು, ಗದ್ದವನ್ನು ತುಸು ಎದೆಯತ್ತ ಬಾಗಿಸಿ ನುಂಗಬೇಕು. ಎಳನೀರಿನಂಥ ತೆಳು ದ್ರವಗಳು ಗಂಟಲಲ್ಲಿ ಬೇಗ ಜಾರುವುದರಿಂದ ಕೆಮ್ಮು ನಿಲ್ಲುವವರೆಗೆ ಅವನ್ನು ತಡೆಹಿಡಿಯಬೇಕು. ಜಠರ ಕಿರಿದಾಗಿರುವುದರಿಂದ ದಿನಕ್ಕೆ 6 ಬಾರಿ ಸ್ವಲ್ಪ ಸ್ವಲ್ಪವೇ ಊಟ. ಉಂಡೊಡನೆ ಮಲಗಬಾರದು, ರಾತ್ರಿ ತಲೆಯ ಕಡೆ ಎತ್ತರವಿರಲಿ.

ಜ್ವರ, ಎದೆನೋವು, ಉಸಿರಾಟದ ತೊಂದರೆ, ಊಟವಾದೊಡನೆ ಗೊರಗೊರ ಎನ್ನುವ ದನಿ ಕಂಡರೆ ಅಂದೇ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಕರೆದೊಯ್ಯಬೇಕು. ಕಷಾಯ ಕುಡಿಸಿ ನಾಳೆ ನೋಡೋಣವೆನ್ನುವುದು ಬೇಡ.