ದೇವರ ಹೆಸರಿನಲ್ಲಿ: ಒಂದು ಗೆರೆಯ ಮೇಲೆ, ಕೆಳಗೆ

ನಮ್ಮ ಸಂಘದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಪ್ರಾರ್ಥನೆ ಇರಬೇಕಾ ಬೇಡ್ವಾ ಅಂತ ಈ ಸಲ ಮೀಟಿಂಗ್‌ನಲ್ಲಿ ಜೋರು ಜಗಳ ಆಯ್ತು. "ಪ್ರತಿ ವರ್ಷ ಇರುತ್ತಲ್ಲ" ಅಂತ ಒಬ್ಬ ಗೆಳೆಯ. "ನಾನು ದೇವರನ್ನ ನಂಬಲ್ಲ, ನಾನ್ಯಾಕೆ ಎದ್ದು ನಿಲ್ಲಬೇಕು?" ಅಂತ ಇನ್ನೊಬ್ಬ. ಆ ವಾರವೇ ಇಂಟರ್ನಲ್ಸ್‌ಗೆ ಸಂವಿಧಾನ ಓದ್ತಾ ಕೂತಾಗ ನೋಡಿದರೆ, ಇದೇ ಜಗಳ ಸಂವಿಧಾನ ಸಭೆಯಲ್ಲೂ ಆಗಿತ್ತು!

1949ರ ಅಕ್ಟೋಬರ್ 17. ಪೀಠಿಕೆಯ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಒಂದು ತಿದ್ದುಪಡಿ ತಂದರು: ಪೀಠಿಕೆ 'ದೇವರ ಹೆಸರಿನಲ್ಲಿ' ಎಂದು ಶುರುವಾಗಬೇಕು. ಹೃದಯನಾಥ ಕುಂಜ್ರು ಒಪ್ಪಲಿಲ್ಲ. ಮನಸ್ಸಿನ ಇಷ್ಟು ಆಳದ ವಿಷಯವನ್ನು ಬೇರೆಯವರ ಮೇಲೆ ಹೇರಬಾರದು ಎಂಬುದು ಅವರ ವಾದ. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ. ಕೈ ಎತ್ತಿಸಿ ಎಣಿಸಿದರು: ಪರವಾಗಿ 41, ವಿರುದ್ಧ 68. ಕಾಮತರಿಗೆ ಎಷ್ಟು ನೋವಾಯಿತು ಅಂದರೆ, ಇದು ನಮ್ಮ ಇತಿಹಾಸದ ಕರಾಳ ದಿನ ಅಂದುಬಿಟ್ಟರು.

ಆದರೆ ಅದೇ ಸಂವಿಧಾನದ 60ನೇ ವಿಧಿ ತೆಗೆದು ನೋಡಿ, ರಾಷ್ಟ್ರಪತಿಯ ಪ್ರಮಾಣವಚನ. ಅಲ್ಲಿ ದೇವರಿದ್ದಾನೆ! 'ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ' ಎಂಬ ಅರ್ಥದ ಮಾತು ಮೇಲೆ, ದೇವರಿಲ್ಲದ ಪ್ರತಿಜ್ಞೆಯ ಮಾತು ಕೆಳಗೆ, ನಡುವೆ ಒಂದು ಗೆರೆ. ನ್ಯೂಮರೇಟರ್, ಡಿನಾಮಿನೇಟರ್ ಥರ. ಮಂತ್ರಿಗಳು, ಸಂಸದರು, ನಮ್ಮ ಶಾಸಕರು ಎಲ್ಲರಿಗೂ ಮೂರನೇ ಅನುಸೂಚಿಯಲ್ಲಿ ಇದೇ ವ್ಯವಸ್ಥೆ. ಯಾವುದನ್ನು ಆರಿಸಿಕೊಂಡರೂ ಸಿಗುವ ಹುದ್ದೆ ಒಂದೇ, ಹೊರುವ ಹೊಣೆ ಒಂದೇ.

ಒಂದೇ ಸಂವಿಧಾನದಲ್ಲಿ ಎರಡು ಥರ ಯಾಕೆ? ನಮಗೆ ಅನ್ನಿಸಿದ್ದು ಇಷ್ಟು. ಪ್ರಮಾಣವಚನದಲ್ಲಿ ಮಾತಾಡೋದು 'ನಾನು'. ನಂಬುವವರು ಅವರ ಮಾತಲ್ಲಿ, ನಂಬದವರು ಅವರ ಮಾತಲ್ಲಿ ಹೇಳಬಹುದು, ಯಾರ ನಾಲಿಗೆಗೂ ಸುಳ್ಳು ಅಂಟಲ್ಲ. ಪೀಠಿಕೆಯಲ್ಲಿ ಮಾತಾಡೋದು 'ನಾವು'. ಅಲ್ಲಿ ಗೆರೆ ಎಳೆಯೋಕೆ ಜಾಗವೇ ಇಲ್ಲ. ಒಂದು ಪದ ಹಾಕಿದರೆ ಎಲ್ಲರ ಬಾಯಲ್ಲೂ ಹಾಕಿದ ಹಾಗೆ. (ಈ ಲೇಖನದಲ್ಲಿ ನಾವೂ 'ನಾವು' ಅಂತಾನೇ ಬರೀತಿದ್ದೀವಿ, ಸಂಘದ ಎಲ್ಲರನ್ನೂ ಕೇಳಿಲ್ಲ!) ಹಾಗಂತ ಪದ ಬಿಟ್ಟರೆ ಯಾರಿಗೂ ನೋವಾಗಲ್ಲ ಅಂತಲ್ಲ. ಆ 41 ಜನರನ್ನು ಕೇಳಬೇಕಿತ್ತು.

ಈಗ ನಮ್ಮ ಕಾರ್ಯಕ್ರಮ. ಪ್ರಾರ್ಥನೆ 'ನಾನು'ವಿನ ಮಾತಾ, 'ನಾವು'ವಿನ ಮಾತಾ? ಹಾಡೋದು ಒಬ್ಬರು, ಆದರೆ ನಿರೂಪಕರು "ಎಲ್ಲರೂ ಎದ್ದು ನಿಲ್ಲಬೇಕು" ಅಂದ ಕೂಡಲೇ ಅದು 'ನಾವು' ಆಗಿಬಿಡುತ್ತೆ. ಅದಕ್ಕೇ ಎರಡನೇ ಮೀಟಿಂಗ್‌ನಲ್ಲಿ ಹೀಗೆ ಮಾಡಿದೆವು: ಪ್ರಾರ್ಥನೆ ಇರಲಿ, ಎದ್ದು ನಿಲ್ಲಿ ಅನ್ನೋ ಸೂಚನೆ ಬೇಡ. ನಾಡಗೀತೆಗೆ ಮಾತ್ರ ಎಲ್ಲರೂ ನಿಲ್ಲೋಣ. ಪ್ರಾರ್ಥನೆ ಬೇಕು ಅಂದವನು ಗೊಣಗುತ್ತಲೇ ಒಪ್ಪಿದ. ಬೇಡ ಅಂದವನೂ ಒಪ್ಪಿದ, ಆದರೆ ಹೊರಗೆ ಬರುವಾಗ ಒಂದು ಮಾತು ಹೇಳಿದ: "ಇಡೀ ಹಾಲ್ ನಿಂತಿರುವಾಗ ಒಬ್ಬನೇ ಕೂತಿರೋದು ಅಷ್ಟು ಸುಲಭ ಅಲ್ಲ ಕಣೋ."

ಆವತ್ತು ಅವನ ಪಕ್ಕ ಯಾರು ಕೂರ್ತೀವಿ ಅಂತ ಇನ್ನೂ ಮಾತಾಡಿಕೊಂಡಿಲ್ಲ.