ಫೋಟೋದ ಗೋಡೆ, ಮನೆಯ ಗೋಡೆ

ಗೃಹಪ್ರವೇಶ ಹತ್ತಿರ ಬಂದಿದೆ. ಪೇಂಟರ್ ಶೇಡ್ ನಂಬರ್ ಕೇಳುತ್ತಿದ್ದಾನೆ, ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಇಷ್ಟ. ಖಾಲಿ ಕೋಣೆಯ ಫೋಟೋ ತೆಗೆದು ಗೋಡೆಯ ಮೇಲೆ ಬೆರಳಿಟ್ಟರೆ ಫೋನಿನಲ್ಲೇ ಬಣ್ಣ ಬಳಿದು ತೋರಿಸುವ ಆ್ಯಪ್‌ಗಳು ಈಗ ಎಲ್ಲರ ಕೈಯಲ್ಲಿವೆ. ಬಿಳಿ ಗೋಡೆ ಒಂದು ಸಲ ಒತ್ತಿದರೆ ಎಳೆ ಹಸಿರು, ಇನ್ನೊಂದು ಸಲ ಒತ್ತಿದರೆ ಇಟ್ಟಿಗೆ ಕೆಂಪು. ನೀವೂ ನೋಡಿದ್ದೀರಿ, ಒಂದನ್ನು ಮೆಚ್ಚಿಯೂ ಇದ್ದೀರಿ. ಡಬ್ಬಿ ತರಿಸುವ ಮುಂಚೆ ನನ್ನ ಮಾತನ್ನೂ ಸ್ವಲ್ಪ ಕೇಳಿ. ಶಾಲೆಯಲ್ಲಿ ಮಕ್ಕಳಿಗೆ ಬಣ್ಣ ಕಲಿಸುತ್ತಲೇ ವಯಸ್ಸಾದವನು ನಾನು.

ಆ ಸಾಧನವನ್ನು ಬಿಡಿ ಎನ್ನಲು ನಾನು ಬಂದಿಲ್ಲ. ಯಾವ ಗೋಡೆಗೆ ಬಣ್ಣ, ಎಷ್ಟು ಎತ್ತರದವರೆಗೆ, ಛಾವಣಿ ಬಿಳಿಯೇ ಇರಲೋ ಬೇಡವೋ ಎಂಬ ಪ್ರಶ್ನೆಗಳಿಗೆ ಫೋನಿನಷ್ಟು ಚೆನ್ನಾಗಿ ಉತ್ತರ ಕೊಡುವುದು ಇನ್ನೊಂದಿಲ್ಲ. ಆದರೆ ಯಾವ ಬಣ್ಣ ಎಂಬ ಕೊನೆಯ ತೀರ್ಮಾನವನ್ನು ಅದರ ಕೈಗೆ ಕೊಡಬೇಡಿ. ಅದನ್ನು ನಿಮ್ಮ ಮನೆಯ ಗೋಡೆಯೇ ಹೇಳಬೇಕು.

ಏಕೆ ಎಂದು ತಿಳಿಯಲು ಆ ಆ್ಯಪ್ ಒಳಗೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಮೊದಲು ಫೋಟೋದಲ್ಲಿ ಗೋಡೆ ಯಾವುದು, ಕಿಟಕಿ ಯಾವುದು, ಸೋಫಾ ಯಾವುದು ಎಂದು ಗೆರೆ ಎಳೆದು ಬೇರ್ಪಡಿಸುತ್ತದೆ. ಆಮೇಲೆ ಗೋಡೆಯ ಮೇಲಿನ ನೆರಳು, ಹೊಳಪುಗಳನ್ನು ಹಾಗೇ ಉಳಿಸಿಕೊಂಡು ಹಳೆಯ ಬಣ್ಣದ ಜಾಗದಲ್ಲಿ ಹೊಸದನ್ನು ತುಂಬುತ್ತದೆ. ತೊಡಕಿರುವುದು ಇಲ್ಲೇ. ಫೋಟೋದ ಒಂದೊಂದು ಚುಕ್ಕೆಯಲ್ಲೂ ಗೋಡೆಯ ಬಣ್ಣ ಮತ್ತು ಅದರ ಮೇಲೆ ಬಿದ್ದ ಬೆಳಕು ಗುಣಿಸಿ ಬಂದ ಒಂದೇ ಸಂಖ್ಯೆ ಇರುತ್ತದೆ. ಯಾರಾದರೂ 24 ಎಂದು ಹೇಳಿ, ಯಾವ ಎರಡು ಸಂಖ್ಯೆ ಗುಣಿಸಿದೆ ಎಂದು ಕೇಳಿದರೆ ಏನು ಹೇಳುತ್ತೀರಿ? 4 ಮತ್ತು 6 ಇರಬಹುದು, 3 ಮತ್ತು 8 ಇರಬಹುದು. ಕಂಪ್ಯೂಟರಿನ ಪಾಡೂ ಅದೇ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದ ಬ್ಯಾರೋ ಮತ್ತು ಟೆನೆನ್‌ಬಾಮ್ ಎಂಬ ಸಂಶೋಧಕರು 1978ರಲ್ಲೇ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಟ್ಟಿದ್ದರು. ಅಲ್ಲಿಂದ ಇಲ್ಲಿಯವರೆಗೆ ಊಹೆ ಬಹಳ ಚುರುಕಾಗಿದೆ, ಆದರೂ ಅದು ಊಹೆಯೇ. ನೆರಳಲ್ಲಿರುವ ಬಿಳಿ ಗೋಡೆಗೂ ಬೆಳಕಲ್ಲಿರುವ ಬೂದು ಗೋಡೆಗೂ ಫೋಟೋದಲ್ಲಿ ವ್ಯತ್ಯಾಸ ಸಿಗದೆ ಹೋಗಬಹುದು.

ಇದರ ಮೇಲೆ ಕ್ಯಾಮೆರಾದ ಸ್ವಂತ ಬುದ್ಧಿಯೂ ಸೇರುತ್ತದೆ. ಸಂಜೆಯ ಹಳದಿ ಬೆಳಕನ್ನು ಅದು ತಾನಾಗಿ ತಿದ್ದಿ ಬಿಳಿಯ ಕಡೆಗೆ ಎಳೆಯುತ್ತದೆ, ಕತ್ತಲ ಕೋಣೆಯನ್ನು ಬೆಳಗಿಸುತ್ತದೆ. ಅದರ ಜೊತೆಗೆ ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಬೇರೆ. ಅದನ್ನು ಆಫ್ ಮಾಡದೆ ಬಣ್ಣ ನೋಡಲು ಕೂರಬೇಡಿ. ಫೋಟೋ ತೆಗೆಯುವುದೂ ಹಗಲಿನಲ್ಲೇ ಆಗಲಿ. ದೀಪಗಳನ್ನೆಲ್ಲ ಆರಿಸಿ, ನೇರ ಬಿಸಿಲು ಗೋಡೆಗೆ ಬೀಳದ ಹೊತ್ತಿನಲ್ಲಿ ತೆಗೆಯಿರಿ. ಗೋಡೆಗೆ ಒಂದು ಎ4 ಬಿಳಿ ಹಾಳೆ ಅಂಟಿಸಿ. ಹಾಳೆ ಫೋಟೋದಲ್ಲಿ ಹಳದಿಯೋ ನೀಲಿಯೋ ಕಂಡರೆ ಕ್ಯಾಮೆರಾ ಎತ್ತ ವಾಲಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಆ ಹಾಳೆಯಿಂದ ಇನ್ನೊಂದು ಉಪಯೋಗವಿದೆ. ಟೈಲ್ಸ್, ವಾಲ್‌ಪೇಪರ್ ತೋರಿಸುವ ಸಾಧನಗಳು ಅಳತೆಯಲ್ಲಿ ಆಗಾಗ ಎಡವುತ್ತವೆ. ಫೋಟೋವನ್ನಷ್ಟೇ ಕಂಡ ಯಂತ್ರಕ್ಕೆ ನಿಮ್ಮ ಗೋಡೆ ಹತ್ತಡಿಯೋ ಹದಿನಾಲ್ಕಡಿಯೋ ಗೊತ್ತಿರುವುದಿಲ್ಲ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಎತ್ತರ. ಎರಡಡಿಯ ಟೈಲ್ ಅದರ ಪಕ್ಕದಲ್ಲಿ ಸರಿಸುಮಾರು ಎರಡು ಹಾಳೆಯಷ್ಟು ಎತ್ತರ ಕಾಣಬೇಕು. ಕಾಣದಿದ್ದರೆ ಚಿತ್ರದಲ್ಲಿರುವ ವಿನ್ಯಾಸ ನಿಮ್ಮ ಗೋಡೆಯ ವಿನ್ಯಾಸವಲ್ಲ.

ಇನ್ನು ಬಣ್ಣದ ವಿಷಯ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ಷೆವ್ರಲ್ ಎಂಬ ರಸಾಯನ ವಿಜ್ಞಾನಿಗೆ ಒಮ್ಮೆ ದೂರು ಬಂತು: ಕಪ್ಪು ನೂಲು ಸಾಕಷ್ಟು ಕಪ್ಪಾಗಿ ಕಾಣುವುದಿಲ್ಲ. ಅವರು ಆ ಬಣ್ಣವನ್ನು ಪರೀಕ್ಷಿಸಿದರು, ಅದರಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳು ಆ ಕಪ್ಪನ್ನು ಪೇಲವವಾಗಿ ತೋರಿಸುತ್ತಿದ್ದವು. ನೆರೆಯ ಬಣ್ಣ ಕಣ್ಣನ್ನು ಹೇಗೆ ತಿರುಗಿಸುತ್ತದೆ ಎಂಬುದರ ಮೇಲೆ ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ನಿಮ್ಮ ಮನೆಯಲ್ಲಿ ಪಾಲಿಶ್ ಮಾಡಿದ ತೇಗದ ಬಾಗಿಲಿದ್ದರೆ ಇದು ನಿಮಗೇ ಹೇಳಿದ ಮಾತು. ತೇಗದ ಕಿತ್ತಳೆ ಕಂದಿನ ಪಕ್ಕದಲ್ಲಿ ತಿಳಿ ಬೂದು ನೀಲಿಯಾಗಿ ಕಾಣುತ್ತದೆ. ಶೇಡ್ ಕಾರ್ಡಿನಲ್ಲಿ ಬೂದುಬಣ್ಣವೆಂದು ಮೆಚ್ಚಿ ತಂದದ್ದು ಗೋಡೆಗೇರಿದ ಮೇಲೆ ಆಸ್ಪತ್ರೆಯ ನೀಲಿಯಂತೆ ಕಂಡರೆ ಡಬ್ಬಿಯಲ್ಲಿ ದೋಷವಿಲ್ಲ. ಆದ್ದರಿಂದ ಫೋಟೋ ತೆಗೆಯುವಾಗ ಬಾಗಿಲು, ಚೌಕಟ್ಟು, ನೆಲ ಎಲ್ಲವೂ ಅದರೊಳಗೆ ಬರಲಿ. ಬರೀ ಗೋಡೆಯನ್ನು ತೆಗೆದು ಬಣ್ಣ ಹಾಕಿ ನೋಡಿದರೆ ಅರ್ಧ ವಿಷಯ ಹೊರಗೇ ಉಳಿಯುತ್ತದೆ.

ನೆಲವನ್ನು ಸುಮ್ಮನೆ ಸೇರಿಸಲಿಲ್ಲ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಗೋಡೆಯ ಕೆಳಭಾಗವನ್ನು ನೋಡಿ. ಸುಣ್ಣದ ಬಿಳಿಯ ಮೇಲೂ ಕೆಂಪಿನ ಛಾಯೆ ಏರಿರುತ್ತದೆ. ಬೆಳಕು ಬಡಿದಲ್ಲೆಲ್ಲ ಆ ಬಣ್ಣವನ್ನಷ್ಟು ಹೊತ್ತುಕೊಂಡು ಮುಂದೆ ಹೋಗುತ್ತದೆ. ನಾಲ್ಕೂ ಗೋಡೆಗೆ ಒಂದೇ ಬಣ್ಣ ಬಳಿದರೆ ಬೆಳಕು ಒಂದರಿಂದ ಇನ್ನೊಂದಕ್ಕೆ ಪುಟಿದು ಪ್ರತಿ ಸಲವೂ ಆ ಬಣ್ಣ ಗಾಢವಾಗುತ್ತದೆ. ಕೈಯಷ್ಟಗಲದ ಚೀಟಿಯಲ್ಲಿ ಸೌಮ್ಯವಾಗಿದ್ದ ಹಳದಿ ಕೋಣೆ ತುಂಬಿದಾಗ ಕೂಗುವುದು ಇದರಿಂದಲೇ. ಬಹುಪಾಲು ಆ್ಯಪ್‌ಗಳು ಬಿಳಿ ಕೋಣೆಯಲ್ಲಿದ್ದ ಬೆಳಕನ್ನೇ ಹೊಸ ಬಣ್ಣದ ಮೇಲೂ ಹೊದಿಸುತ್ತವೆ, ಈ ಪುಟಿತವನ್ನು ಲೆಕ್ಕ ಹಾಕುವುದಿಲ್ಲ. ಒಳ್ಳೆಯ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ಕೋಣೆಗೆ ಮರಳಿಸುತ್ತದೆ, ಕಡು ನೀಲಿ ಶೇಕಡ 10ನ್ನೂ ಕೊಡುವುದಿಲ್ಲ. ಫೋಟೋದಲ್ಲಿ ಕಡು ನೀಲಿ ಗೋಡೆಯ ಕೋಣೆ ಅಷ್ಟು ಬೆಳಕಾಗಿ, ಅಷ್ಟು ಚಂದ ಕಾಣುವುದು ಅಲ್ಲಿನ ಬೆಳಕು ಇನ್ನೂ ನಿಮ್ಮ ಹಳೆಯ ಬಿಳಿ ಗೋಡೆಗಳಿಂದ ಬಂದದ್ದಾಗಿರುವುದರಿಂದ.

ದಿಕ್ಕಿನ ಬಗ್ಗೆ ಒಂದು ಎಚ್ಚರಿಕೆ. ಉತ್ತರದ ಕೋಣೆ ತಂಪು, ಅಲ್ಲಿಗೆ ಬೆಚ್ಚನೆಯ ಬಣ್ಣ; ದಕ್ಷಿಣದ ಕೋಣೆಗೆ ಬಿಸಿಲು, ಅಲ್ಲಿಗೆ ತಣ್ಣನೆಯ ಬಣ್ಣ ಎಂಬ ಸಲಹೆ ಎಲ್ಲ ಕಡೆ ಓದಲು ಸಿಗುತ್ತದೆ. ಅದು ಹುಟ್ಟಿದ್ದು ಇಂಗ್ಲೆಂಡಿನಂಥ ಬಡಗಣ ದೇಶಗಳಿಗಾಗಿ. ಬೆಂಗಳೂರು, ಮೈಸೂರು ಇರುವುದು 12ರಿಂದ 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ನಮ್ಮ ಮನೆಗಳಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಪೂರ್ವದ ಬೆಳಗು ಮತ್ತು ಪಡುವಣದ ಇಳಿಹೊತ್ತು. ಪಡುವಣ ಕಿಟಕಿಯ ಕೋಣೆಗೆ ಕಿತ್ತಳೆ, ಕೆಂಪುಗಳನ್ನು ಹಾಕುವ ಮುಂಚೆ ಬೇಸಗೆಯ ನಾಲ್ಕು ಗಂಟೆಗೆ ಅಲ್ಲಿ ಕುಳಿತು ನೋಡಿ. ಕರಾವಳಿ, ಮಲೆನಾಡಿನವರಾದರೆ ಜುಲೈ ತಿಂಗಳ ಮೋಡದ ಬೆಳಕನ್ನೂ ಮನಸ್ಸಿನಲ್ಲಿಡಿ. ಆ ತಿಂಗಳುಗಟ್ಟಲೆ ಮಂಕು ಬೆಳಕಿನಲ್ಲಿ ಬೂದು ಗೋಡೆ ಮನೆಯವರ ಉತ್ಸಾಹವನ್ನೇ ಕುಗ್ಗಿಸುತ್ತದೆ. ಬಲ್ಬುಗಳೂ ಅಷ್ಟೇ. 2700 ಕೆಲ್ವಿನ್‌ನ ಬೆಚ್ಚನೆಯ ಎಲ್‌ಇಡಿ ಮತ್ತು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಒಂದೇ ಗೋಡೆಯನ್ನು ಎರಡು ಗೋಡೆ ಮಾಡುತ್ತವೆ. ಬಲ್ಬಿನ ಆಯ್ಕೆ ಮೊದಲು, ಬಣ್ಣದ್ದು ಆಮೇಲೆ.

ಸೀರೆ ಅಂಗಡಿಯಲ್ಲಿ ನಮ್ಮ ಅಮ್ಮಂದಿರು ಎಷ್ಟೇ ದೀಪಗಳಿದ್ದರೂ ಸೀರೆಯನ್ನು ಬಾಗಿಲಿಗೆ ತಂದು ಹಗಲ ಬೆಳಕಿಗೆ ಹಿಡಿದೇ ಒಪ್ಪಿಕೊಳ್ಳುತ್ತಿದ್ದರು. ಗೋಡೆಗೂ ಅಷ್ಟು ಮರ್ಯಾದೆ ಕೊಡಿ. ಫೋನಿನಲ್ಲಿ ಇಪ್ಪತ್ತು ಬಣ್ಣ ನೋಡಿ, ಹದಿನೇಳನ್ನು ಅಲ್ಲೇ ಬಿಡಿ. ಬೇಡವಾದದ್ದನ್ನು ತಳ್ಳಿಹಾಕಲು ಅದು ಒಳ್ಳೆಯ ಸಾಧನ. ಅತ್ತೆ ಸೊಸೆ ಒಂದೇ ಚಿತ್ರ ನೋಡುತ್ತ ಮಾತಾಡಲು ಇನ್ನೂ ಒಳ್ಳೆಯದು. ಉಳಿದ ಮೂರಕ್ಕೆ ಸ್ಯಾಂಪಲ್ ಡಬ್ಬಿ ತನ್ನಿ. ಬಣ್ಣಕ್ಕೆ ಎರಡರಂತೆ ಎರಡಡಿ ಅಗಲದ ಹಲಗೆಗಳಿಗೋ ದಪ್ಪ ರಟ್ಟುಗಳಿಗೋ ಪ್ರೈಮರ್ ಹಾಕಿ ಎರಡು ಕೋಟ್ ಬಳಿಯಿರಿ. ಗೋಡೆಗೇ ಬಳಿದರೆ ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ಕೆಡಿಸುತ್ತದೆ, ಹಲಗೆಯನ್ನಾದರೆ ಕೋಣೆಯಿಂದ ಕೋಣೆಗೆ ಒಯ್ಯಬಹುದು. ಒಂದೇ ಬಣ್ಣದ ಎರಡನ್ನು ಮೂಲೆಯಲ್ಲಿ ಎದುರುಬದುರು ನಿಲ್ಲಿಸಿದರೆ ನಾನು ಹೇಳಿದ ಪುಟಿತವೂ ಕಾಣುತ್ತದೆ. ಬೆಳಿಗ್ಗೆ, ನಡುಹಗಲು, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ. ಮ್ಯಾಟ್ ಬೇಕೋ ಹೊಳಪು ಬೇಕೋ ಎಂಬುದೂ ಇಲ್ಲೇ ತೀರ್ಮಾನವಾಗುತ್ತದೆ. ಹೊಳಪಿನ ಪೇಂಟ್ ಗೋಡೆಯ ಉಬ್ಬುತಗ್ಗನ್ನೆಲ್ಲ ಎತ್ತಿ ತೋರಿಸುತ್ತದೆ, ಫೋಟೋ ಅದನ್ನು ಹೇಳುವುದಿಲ್ಲ.

ಪೇಂಟರ್ ಮಾತನ್ನು ಕೇಳಿ. ಗೋಡೆಯನ್ನು ಅಂಗೈಯಲ್ಲಿ ಸವರಿ ಇಲ್ಲಿ ತೇವವಿದೆ, ಉಪ್ಪು ಏಳುತ್ತಿದೆ ಎನ್ನುತ್ತಾನಲ್ಲ, ಅದನ್ನು ಯಾವ ಕ್ಯಾಮೆರಾವೂ ಹೇಳದು. ಹೊಸ ಗಾರೆ ಪೂರ್ತಿ ಒಣಗದೆ ಬಳಿದರೆ ಎಂಥ ಶೇಡ್ ಆದರೂ ಎದ್ದು ಬರುತ್ತದೆ. ಮುಹೂರ್ತದ ಅವಸರಕ್ಕೆ ಆ ದಿನಗಳನ್ನು ಕಡಿಮೆ ಮಾಡಬೇಡಿ. ಬೇಕಾದರೆ ಬಣ್ಣ ಬಳಿಯದ ಗೋಡೆಗಳ ನಡುವೆಯೇ ಹಾಲು ಉಕ್ಕಿಸಿ.

ಬಣ್ಣ ತರುವಾಗ ಒಂದು ಕೋಣೆಗೆ ಬೇಕಾದಷ್ಟನ್ನೂ ಒಮ್ಮೆಗೇ ಬೆರೆಸಿಕೊಂಡು ತನ್ನಿ. ಅಂಗಡಿಯ ಯಂತ್ರ ಒಂದೇ ನಂಬರಿಗೆ ಬೆರೆಸಿದರೂ ಒಂದು ಸಲದ ಬಣ್ಣಕ್ಕೂ ಇನ್ನೊಂದು ಸಲದ್ದಕ್ಕೂ ಕೂದಲೆಳೆಯ ವ್ಯತ್ಯಾಸ ಬರಬಹುದು, ಅದು ಗೋಡೆಯ ನಡುವೆ ಗೆರೆಯಾಗಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಶೇಡ್ ನಂಬರ್, ಕಂಪನಿ, ಯಾವ ಬೇಸ್, ಯಾವ ಫಿನಿಶ್, ಯಾವ ಕೋಣೆ, ಯಾವ ತಾರೀಖು ಎಂದು ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಉಳಿದ ಬಣ್ಣವನ್ನು ಅದು ಕಂಠದವರೆಗೆ ತುಂಬುವಷ್ಟು ಸಣ್ಣ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿಡಿ. ಮಕ್ಕಳು ಗೋಡೆಯ ಮೇಲೆ ಬರೆಯಲು ಶುರು ಮಾಡಿದಾಗ ಬೇಕಾಗುತ್ತದೆ.