ಹೊಸತೋ ಹಳೆಯದೋ?

ಲೋಹದ ಉಪಕರಣಗಳು ಸವೆಯದಂತೆ, ತುಕ್ಕು ಹಿಡಿಯದಂತೆ ಅವುಗಳಿಗೆ ನಿಕ್ಕಲ್ ಲೇಪ ಕೊಡುವುದುಂಟು. ಈ ಕೆಲಸಕ್ಕೆ ಸಾಮಾನ್ಯವಾಗಿ ವಿದ್ಯುತ್ತನ್ನು ಬಳಸುತ್ತಾರೆ. ಆದರೆ ಕೊಳವೆಯ ಒಳಮೈಗೂ ಸಂದುಗೊಂದುಗಳಿಗೂ ವಿದ್ಯುತ್ತು ಸಮನಾಗಿ ತಲುಪದು. ಅಲ್ಲಿ ಲೇಪವು ಒಂದೆಡೆ ದಪ್ಪವಾಗಿ, ಇನ್ನೊಂದೆಡೆ ತೆಳುವಾಗಿ ಕೂರುತ್ತದೆ.

1940ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸಂಸ್ಥೆಯಲ್ಲಿ ಏಬ್ನರ್ ಬ್ರೆನರ್ ಮತ್ತು ಗ್ರೇಸ್ ರಿಡೆಲ್ ಎಂಬ ವಿಜ್ಞಾನಿಗಳು ಕೊಳವೆಗಳ ಒಳಮೈಗೆ ಲೇಪ ಕೊಡುವ ಪ್ರಯೋಗದಲ್ಲಿ ತೊಡಗಿದ್ದರು. ದ್ರಾವಣವು ಕೆಡದಿರಲೆಂದು ಅದಕ್ಕೆ ಸೋಡಿಯಂ ಹೈಪೋಫಾಸ್ಫೈಟ್ ಎಂಬ ಲವಣವನ್ನು ಬೆರೆಸಿದರು. ಆಗ ಹರಿಸಿದ ವಿದ್ಯುತ್ತಿನ ಲೆಕ್ಕವನ್ನು ಮೀರಿ ಲೋಹವು ಬಂದು ಕೂತಿತು! ವಿದ್ಯುತ್ತಿನ ಹಂಗಿಲ್ಲದೆ ಆ ಲವಣವೇ ಲೋಹವನ್ನು ದ್ರಾವಣದಿಂದ ಬಿಡಿಸುತ್ತಿತ್ತು. ಈ ವಿಧಾನವನ್ನು ಅವರು 1946ರಲ್ಲಿ ಪ್ರಕಟಿಸಿದರು. 1950ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು.

ಪೇಟೆಂಟ್ ಎಂದರೆ ಹೊಸ ಶೋಧವನ್ನು ಲೋಕಕ್ಕೆ ವಿವರಿಸಿದವರಿಗೆ ಸರ್ಕಾರವು ನಿಯಮಿತ ಕಾಲದವರೆಗೆ ಕೊಡುವ ಹಕ್ಕು. ಅಮೆರಿಕದಲ್ಲಿ ಆಗ ಆ ಅವಧಿ 17 ವರ್ಷ. ಅಷ್ಟು ಕಾಲ ಆ ವಿಧಾನವನ್ನು ಇತರರು ಅನುಮತಿಯಿಲ್ಲದೆ ಬಳಸುವಂತಿಲ್ಲ.

ಆದರೆ ಇಲ್ಲೊಂದು ತೊಡಕಿತ್ತು. ಹೈಪೋಫಾಸ್ಫೈಟ್ ನಿಕ್ಕಲನ್ನು ದ್ರಾವಣದಿಂದ ಬೇರ್ಪಡಿಸುತ್ತದೆಂಬುದನ್ನು ವುರ್ಟ್ಸ್ ಎಂಬ ರಸಾಯನ ವಿಜ್ಞಾನಿ 1844ರಲ್ಲಿಯೇ ಕಂಡಿದ್ದರು. ಅವರಿಗೆ ದೊರೆತದ್ದು ಬರಿಯ ಪುಡಿ. 1916ರಲ್ಲಿ ರೂ ಎಂಬವರು ಇದೇ ಕ್ರಿಯೆಯಿಂದ ಲೇಪ ಕೊಡುವ ವಿಧಾನಕ್ಕೆ ಪೇಟೆಂಟನ್ನೂ ಪಡೆದಿದ್ದರು. ಆದರೆ ಅವರ ದ್ರಾವಣವು ತನ್ನಷ್ಟಕ್ಕೆ ತಾನೇ ಒಡೆದು, ಪಾತ್ರೆಯ ಗೋಡೆಗೂ ಲೋಹವನ್ನು ಮೆತ್ತುತ್ತಿತ್ತು. ಬ್ರೆನರ್ ಮತ್ತು ರಿಡೆಲ್ ಅವರ ದ್ರಾವಣದಲ್ಲಾದರೋ ಲೇಪವು ಕ್ರಿಯೆಗೆ ಪ್ರೇರಕವಾದ ಲೋಹದ ಮೈಯ ಮೇಲೆ ಮಾತ್ರ ಹತೋಟಿಯಲ್ಲಿ ಬೆಳೆಯುತ್ತಿತ್ತು.

ಹಾಗಾದರೆ ಇದು ಹೊಸತೋ ಹಳೆಯದೋ? ಇಂಥ ಪ್ರಶ್ನೆಯನ್ನು ಬಗೆಹರಿಸಲು ಹೋಲಿಕೆಯೊಂದೇ ಸಾಲದು. ಪೇಟೆಂಟ್ ಕೋರುವವರು ತಮಗೆ ಸಲ್ಲಬೇಕಾದುದು ಇಷ್ಟು ಎಂದು ವಾಕ್ಯರೂಪದಲ್ಲಿ ಬರೆದುಕೊಡುತ್ತಾರೆ. ಇದೇ ಹಕ್ಕುಕೋರಿಕೆ, ಇದು ಹೊಲದ ಗಡಿಕಲ್ಲಿನಂತೆ. ಪರೀಕ್ಷಕರು ಮೊದಲು ಇದರ ಅಂಶಗಳನ್ನು ಬಿಡಿಸಿಕೊಳ್ಳುತ್ತಾರೆ. ಅವೆಲ್ಲವೂ ಒಂದೇ ಹಳೆಯ ಬರಹದಲ್ಲಿ, ಕಸುಬು ಬಲ್ಲವನು ಓದಿ ಮಾಡಬಲ್ಲಂತೆ ಇದ್ದರೆ ಶೋಧವು ಹೊಸತಲ್ಲ. ಕೋರುವವರು ಆ ಬರಹವನ್ನು ಕಂಡೇ ಇಲ್ಲವೆಂದರೂ ವಿನಾಯಿತಿಯಿಲ್ಲ. ಒಂದಂಶ ಕೊರೆಯಾದರೂ ಆ ಬರಹವು ಶೋಧದ ಹೊಸತನವನ್ನು ಅಳಿಸಲಾರದು. ಆ ಕೊರೆಯನ್ನು ಬಲ್ಲವನು ಸುಲಭವಾಗಿ ತುಂಬಬಹುದಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ.

‘ಹೈಪೋಫಾಸ್ಫೈಟಿನಿಂದ ನಿಕ್ಕಲನ್ನು ಬೇರ್ಪಡಿಸುವುದು’ ಎಂದಷ್ಟೇ ಕೋರಿದರೆ ವುರ್ಟ್ಸ್ ಅವರ ಶೋಧವೇ ಅಡ್ಡ ನಿಲ್ಲುತ್ತದೆ. ‘ಅದರಿಂದ ಲೇಪ ಕೊಡುವುದು’ ಎಂದರೆ ರೂ ಅವರ ಪೇಟೆಂಟ್ ತಡೆಯುತ್ತದೆ. ಇಂಥ ಲವಣಗಳು, ಇಷ್ಟು ಪ್ರಮಾಣ, ಇಷ್ಟು ಶಾಖ ಎಂದು ಗಡಿಯನ್ನು ಕಿರಿದುಗೊಳಿಸಿದಾಗ ಮಾತ್ರ ಹೊಸತಿಗೆ ಎಡೆಯುಂಟು.

ಪರೀಕ್ಷಕರು ಸಡಿಲವಾದರೆ ಎಲ್ಲರ ಸೊತ್ತು ಒಬ್ಬರ ಪಾಲಾಗುತ್ತದೆ. ಅತಿ ಬಿಗಿಯಾದರೆ ದುಡಿದವರ ಶ್ರಮ ವ್ಯರ್ಥವಾಗುತ್ತದೆ. ನಿನ್ನೆಯವರ ಋಣವನ್ನೂ ಇಂದಿನವರ ದುಡಿಮೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಇಲ್ಲಿನ ನ್ಯಾಯ.

ಅಭ್ಯಾಸ
1. ರೂ ಅವರ ದ್ರಾವಣದಲ್ಲಿದ್ದ ದೋಷವೇನು?
2. ಹಕ್ಕುಕೋರಿಕೆಯನ್ನು ಗಡಿಕಲ್ಲಿಗೆ ಹೋಲಿಸಿರುವುದೇಕೆ?
3. ಹಳೆಯ ಬರಹವೊಂದು ಶೋಧದ ಹೊಸತನವನ್ನು ಅಳಿಸುವುದು ಯಾವಾಗ? ವಿವರಿಸಿ.